ಈ ವರ್ಷ ಅವಳು ಸಾಯೋದು ಬೇಡ

ಕ್ರಿಸ್‌ಮಸ್ಸಿನ ಹಿಂದಿನ ವಾರ ನಮ್ಮ ಊರಲ್ಲಿ ಯಾರಿಗೂ ಉಸಿರಾಡಲು ಪುರುಸೊತ್ತಿರುವುದಿಲ್ಲ. ಆದರೂ ನಾಟಕ ಮಾತ್ರ ಆಗಲೇಬೇಕು. ಬೇಕರಿಯ ಒಲೆ ಆರುವುದಿಲ್ಲ, ಅಂಚೆ ಕಚೇರಿಯಲ್ಲಿ ಪಾರ್ಸೆಲ್ಲುಗಳ ನಡುವೆ ಕಾಲಿಡಲು ಜಾಗವಿರುವುದಿಲ್ಲ. ನನ್ನ ಹೊಲಿಗೆ ಅಂಗಡಿಯ ಕಥೆಯಂತೂ ಕೇಳಲೇಬೇಡಿ. ತಿಂಗಳುಗಟ್ಟಲೆ ಆರಾಮಾಗಿದ್ದ ಮಹಾತಾಯಂದಿರೆಲ್ಲ ಒಂದೇ ದಿನ ಬಟ್ಟೆ ತಂದು ಸುರಿದು, ಹಬ್ಬಕ್ಕೆ ಬೇಕೇ ಬೇಕು ಎಂದು ತಲೆಯ ಮೇಲೆ ಕೂರುತ್ತಾರೆ. ಇಷ್ಟರ ನಡುವೆ ಸಂಜೆಯಾದರೆ ಚರ್ಚಿನ ಹಿಂದಿನ ಸಭಾಂಗಣದಲ್ಲಿ ತಾಲೀಮು. ನಿರ್ದೇಶನ ನನ್ನದು, ಪರದೆಯ ಪಕ್ಕ ಸ್ಟೂಲು ಹಾಕಿಕೊಂಡು ಮರೆತವರಿಗೆ ಮಾತು ಎತ್ತಿಕೊಡುವುದೂ ನನ್ನದೇ. ಬಾಯಿ ಜೋರಿರುವ ಹೆಂಗಸಿಗೆ ಎರಡೂ ಕೆಲಸ ಒಗ್ಗುತ್ತವೆ ಎಂದು ಊರವರ ಅಭಿಪ್ರಾಯ.

ನಾಟಕ ಪ್ರತಿ ವರ್ಷವೂ ಅದೇ. ಒಬ್ಬ ಅಂಬಿಗನ ಹೆಂಡತಿ ಕಾಯಿಲೆ ಬೀಳುತ್ತಾಳೆ, ಡಾಕ್ಟರು ಬರುವುದು ತಡವಾಗುತ್ತದೆ, ಅವಳು ಸಾಯುತ್ತಾಳೆ, ಊರೆಲ್ಲ ದೀಪ ಹಿಡಿದು ಅವನ ಮನೆಗೆ ಬರುತ್ತದೆ. ಯಾರು ಬರೆದದ್ದೋ ಯಾರಿಗೂ ಗೊತ್ತಿಲ್ಲ, ಆದರೆ ಎಲ್ಲರಿಗೂ ಬಾಯಿಪಾಠ. ಮುಂದಿನ ಸಾಲಿನ ಮುದುಕರು ಪಾತ್ರಧಾರಿಗಳಿಗಿಂತ ಮೊದಲೇ ಮಾತು ಹೇಳಿ ಮುಗಿಸಿ, ಇವರು ಯಾವಾಗ ಹೇಳುತ್ತಾರೋ ಎಂದು ಕಾಯುತ್ತಿರುತ್ತಾರೆ.

ಅಂಬಿಗನ ಪಾತ್ರ ನನ್ನ ಭಾವನದು. ಅವರು ಊರಿನ ಬಡಗಿ. ಅಂಬಿಗನ ಹೆಂಡತಿಯ ಪಾತ್ರ ಭಾವನ ಹೆಂಡತಿಯದೇ, ಎಂದರೆ ನನ್ನ ಅಕ್ಕನದು. ಮದುವೆಯಾದ ವರ್ಷದಿಂದ ಅಕ್ಕ ಆ ಮಂಚದ ಮೇಲೆ ತಪ್ಪದೆ ಸಾಯುತ್ತಾ ಬಂದಿದ್ದಳು. "ವರ್ಷಕ್ಕೊಂದು ಸಲ ಸತ್ತು ಅಭ್ಯಾಸ ಆಗೋಗಿದೆ, ನನಗೇನು ಭಯ" ಎಂದು ನಗುತ್ತಿದ್ದಳು. ಭಾವ ಅವಳ ಕೈ ಹಿಡಿದು ಕೊನೆಯ ಮಾತುಗಳನ್ನು ಹೇಳುವಾಗ ಅವಳು ಹೊದಿಕೆಯ ಕೆಳಗೆ ಅವರ ಅಂಗೈ ಕೆರೆದು ನಗಿಸಲು ನೋಡುತ್ತಿದ್ದಳು. ನಗು ತಡೆಯಲು ಭಾವ ಹಲ್ಲು ಕಚ್ಚುತ್ತಿದ್ದರು. ಜನ ಅದನ್ನೇ ದುಃಖವೆಂದು ತಿಳಿದು ಮೂಗು ಒರೆಸಿಕೊಳ್ಳುತ್ತಿದ್ದರು.

ಈ ಸಲ ಚಳಿ ಶುರುವಾಗುವ ಹೊತ್ತಿಗೆ ಅಕ್ಕ ನಿಜವಾಗಿಯೂ ಹೋಗಿಬಿಟ್ಟಳು. ಹೊಟ್ಟೆನೋವೆಂದು ಪಟ್ಟಣದ ಆಸ್ಪತ್ರೆ ಸೇರಿದವಳು ತಿರುಗಿ ಬರಲಿಲ್ಲ. ನಾನು ಮಷೀನು ಮುಚ್ಚಿ, ಬಸ್ಸು ಹಿಡಿದು ಅಲ್ಲಿಗೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಭಾವ ಅಳಲಿಲ್ಲ. ಮಣ್ಣು ಮಾಡಿದ ಮಾರನೆಯ ದಿನವೇ ಗರಗಸ ಹಿಡಿದು ಕೂತರು. ಕೇಳಿದ್ದಕ್ಕೆ ಉತ್ತರ, ಅದು ಬಿಟ್ಟರೆ ಮಾತಿಲ್ಲ.

ನಾಟಕ ಈ ವರ್ಷ ಬೇಡವೆಂದು ನಾವೆಲ್ಲ ಅಂದುಕೊಂಡಿದ್ದಾಗ ಭಾವನೇ ಅಂಗಡಿಗೆ ಬಂದು, "ನಾಟಕ ಮಾಡೋಣ. ನಾನು ಮಾಡ್ತೀನಿ" ಎಂದು ಹೇಳಿ ಹೋದರು. ಹೆಂಡತಿಯ ಪಾತ್ರಕ್ಕೆ ಅಂಚೆ ಕಚೇರಿಯ ಪೋಸ್ಟಮ್ಮ ಒಪ್ಪಿದಳು. ಉಳಿದದ್ದು ಒಂದೇ ಪ್ರಶ್ನೆ. ಹೆಂಡತಿಯನ್ನು ಮಣ್ಣಿಗಿಟ್ಟು ಬಂದ ಮನುಷ್ಯ ಅದೇ ಮಂಚದ ಪಕ್ಕ ಕೂತು ಮತ್ತೆ ಹೆಂಡತಿಯನ್ನು ಕಳೆದುಕೊಳ್ಳಬೇಕೇ? ನೋಡಿದವರ ಕರುಳು ತಡೆದೀತೇ?

ದಾರಿ ತೋರಿಸಿದವನು ಬೇಕರಿಯವನು. ನಾಟಕದ ಡಾಕ್ಟರು ಅವನೇ. "ಈ ವರ್ಷ ಅವಳು ಸಾಯೋದು ಬೇಡ, ಅಕ್ಕಾ" ಎಂದ. "ಡಾಕ್ಟರು ಹೊತ್ತಿಗೆ ಸರಿಯಾಗಿ ಬರಲಿ. ನಾನೇ ತಾನೆ ಡಾಕ್ಟರು, ಮನೆಯಿಂದ ಸ್ವಲ್ಪ ಬೇಗ ಹೊರಡ್ತೀನಿ." ಆ ಮಾತಿಗೆ ನಕ್ಕೆವು, ನಗುತ್ತಲೇ ಕಣ್ಣೊರೆಸಿಕೊಂಡೆವು. ನಾನು ಸಾವಿನ ದೃಶ್ಯ ತೆಗೆದುಹಾಕಿದೆ. ಡಾಕ್ಟರು ಬರುತ್ತಾನೆ, ಮದ್ದು ಕೊಡುತ್ತಾನೆ, ಅವಳು ಎದ್ದು ಕೂತು ಹಾಲು ಕುಡಿಯುತ್ತಾಳೆ, ಊರಿನವರು ದೀಪ ಹಿಡಿದು ಬಂದು ಹಾಡುತ್ತಾರೆ. ಎಲ್ಲ ಭಾವನಿಗಾಗಿ ಎಂದೆವು. ಆದರೆ ಆ ಮಂಚದ ಮೇಲೆ ಇನ್ನೊಬ್ಬಳು ಸಾಯುವುದನ್ನು ನೋಡುವ ಧೈರ್ಯ ನನಗೇ ಇರಲಿಲ್ಲ. ಭಾವನಿಗೆ ಹೇಳಿದಾಗ ಕೈಯಲ್ಲಿದ್ದ ಉಳಿ ಕೆಳಗಿಟ್ಟು ನನ್ನ ಮುಖ ನೋಡಿದರು. ಆಮೇಲೆ "ಸರಿ" ಎಂದರು.

ಮೊದಲ ಸಂಜೆ ಅವರು ಮರದ ಕೊರಡಿನ ಹಾಗೆ ನಿಂತಿದ್ದರು. ಎರಡನೆಯ ಸಂಜೆ ಗಡ್ಡ ಬೋಳಿಸಿಕೊಂಡು ಬಂದರು. ಆಮೇಲೆ ದಿನವೂ ಎಲ್ಲರಿಗಿಂತ ಮೊದಲೇ ಬಂದು ಮಂಚದ ಅಲುಗುವ ಕಾಲಿಗೆ ಚಕ್ಕೆ ಕೊಟ್ಟು, ಹೊದಿಕೆ ಕೊಡವಿ, ಪೋಸ್ಟಮ್ಮನಿಗೆ ದಿಂಬು ಗಟ್ಟಿಯಾಯಿತೇ ಎಂದು ವಿಚಾರಿಸತೊಡಗಿದರು. ಅವಳು ಎದ್ದು ಕೂತು ಲೋಟಕ್ಕೆ ಕೈ ಚಾಚಿದಾಗ ಅವರ ಮುಖ ಅರಳುತ್ತಿತ್ತು. ಹಬ್ಬದ ಬಟ್ಟೆ ಒಯ್ಯಲು ಬಂದವರೆಲ್ಲ, "ಒಳ್ಳೇ ಕೆಲಸ ಮಾಡಿದ್ರಿ, ನಿಮ್ಮ ಭಾವ ಮನುಷ್ಯರಾದ್ರು" ಎಂದು ಹೊಗಳಿ ಹೋದರು. ನಾನೂ ಹಿಗ್ಗಿದೆ, ಸುಳ್ಳು ಯಾಕೆ ಹೇಳಲಿ.

ಪೋಸ್ಟಮ್ಮ ಒಬ್ಬಳೇ ಗೊಣಗಿದವಳು. ಗುಂಡಿ ಹಾಕಿಸುವ ನೆಪದಲ್ಲಿ ಬಂದು ಸಣ್ಣ ದನಿಯಲ್ಲಿ ಹೇಳಿದಳು: "ನನಗ್ಯಾಕೋ ಸರಿ ಕಾಣ್ತಿಲ್ಲ ಕಣೇ. ನಿನ್ನೆ ನಿನ್ನ ಭಾವ ಲೋಟ ಇಸ್ಕೊಂಡು, ನಾಳೆ ಇನ್ನೂ ಸ್ವಲ್ಪ ಗೆಲುವಾಗ್ತೀಯ ಅಂದ್ರು. ಆ ಮಾತು ನಾಟಕದಲ್ಲಿಲ್ಲ."

"ಇಲ್ಲದಿದ್ರೆ ಸೇರಿಸ್ಕೋತಾರೆ. ನಿನ್ನ ಮಾತು ನೀನು ನೆಟ್ಟಗೆ ಹೇಳು ಸಾಕು" ಎಂದು ಗದರಿ ಕಳಿಸಿದೆ.

ಕ್ರಿಸ್‌ಮಸ್ಸಿನ ಹಿಂದಿನ ದಿನ ಮಧ್ಯಾಹ್ನ ನಾಟಕ. ಸಭಾಂಗಣದಲ್ಲಿ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ಕಥೆ ಬದಲಾದದ್ದು ಎಲ್ಲರಿಗೂ ಗೊತ್ತಿತ್ತು. ಬೇಕರಿಯವನು ಕಿವಿಯ ಹಿಂದೆ ಹಿಟ್ಟು ಮೆತ್ತಿಕೊಂಡೇ ಓಡಿಬಂದು, ಚೀಲ ಬೀಳಿಸಿ, ಹೆಕ್ಕಿಕೊಂಡು, "ಇನ್ನು ಭಯವಿಲ್ಲ" ಎಂದ. ಹಳೆಯ ಮಾತು ಹೇಳಲು ಬಾಯಿ ತೆರೆದಿದ್ದ ಮುದುಕರು ಬಾಯಿ ಮುಚ್ಚಿಕೊಂಡರು. ಪೋಸ್ಟಮ್ಮ ಎದ್ದು ಕೂತಳು, ಹಾಲು ಕುಡಿದಳು. ಭಾವ ಅವಳನ್ನು ನೋಡಿ ನಕ್ಕ ನಗುವಿಗೆ ಇಡೀ ಸಭಾಂಗಣ ಚಪ್ಪಾಳೆ ತಟ್ಟಿತು. ಹಾಡು ಮುಗಿಯಿತು. ಎಲ್ಲರೂ ಭಾವನ ಬೆನ್ನು ತಟ್ಟಿ, ಕೈ ಕುಲುಕಿ, ಒಲೆಯ ಮೇಲಿಟ್ಟು ಬಂದ ಪಾತ್ರೆಗಳ ನೆನಪಾಗಿ ಮನೆಗೆ ಓಡಿದರು.

ನಾವು ನಾಲ್ವರು ಉಳಿದೆವು. ಬೇಕರಿಯವನು ಕುರ್ಚಿ ಮಡಚುತ್ತಿದ್ದ, ಪೋಸ್ಟಮ್ಮ ಆಗಲೇ ಕೋಟು ಹಾಕಿಕೊಂಡಿದ್ದಳು, ಅವಳ ಮನೆಗೆ ನೆಂಟರು ಬರುವವರಿದ್ದರು. ಭಾವ ಮಂಚ ಬಿಚ್ಚಬೇಕಿತ್ತು. ಸುತ್ತಿಗೆ ತೊಡೆಯ ಮೇಲಿಟ್ಟುಕೊಂಡು ಮಂಚದ ಅಂಚಿನಲ್ಲಿ ಸುಮ್ಮನೆ ಕೂತಿದ್ದರು.

"ನಡೀರಿ ಭಾವ, ಊಟ ನಮ್ಮನೇಲೇ" ಎಂದೆ.

"ನಾಳೆ ತಾಲೀಮು ಇರಲ್ಲ, ಅಲ್ವಾ?" ಎಂದು ಕೇಳಿದರು.

ನಾಟಕ ಮುಗಿದ ಮೇಲೆ ಎಂಥ ತಾಲೀಮು ಎಂದು ನಾಲಗೆಯ ತುದಿಗೆ ಬಂದ ಮಾತು ಅವರ ಮುಖ ನೋಡಿ ಅಲ್ಲೇ ಉಳಿಯಿತು.

"ವಾರ ಪೂರ್ತಿ ದಿನಾ ಸಂಜೆ ಎದ್ದು ಕೂತಳು" ಎಂದರು. "ಮನೆಗೆ ಹೋಗಿ ಬೀಗ ತೆಗೆದ್ರೆ ಇರ್ತಿರಲಿಲ್ಲ. ನಾಳೆ ಸಂಜೆ ಬಂದ್ರೆ ಇರ್ತಾಳೆ ಅಂದ್ಕೊಂಡು ಮಲಗ್ತಿದ್ದೆ. ಹೀಗೆ ಎಬ್ಬಿಸಿ ಕೂರಿಸಿಟ್ಟು ಈಗ ಹೇಗೆ ಹೋಗ್ಲಿ ಹೇಳು."

ಬೇಕರಿಯವನು ಮಡಚುತ್ತಿದ್ದ ಕುರ್ಚಿಯನ್ನು ಬಿಡಿಸಿ ಅದರ ಮೇಲೇ ಕೂತ.

"ಆಸ್ಪತ್ರೇಲಿ ಅವಳ ಕೈ ಹಿಡ್ಕೊಂಡೇ ಇದ್ದೆ. ಹೇಳಬೇಕಾದ ಮಾತು ಬಾಯಲ್ಲೇ ಇತ್ತು, ಇಷ್ಟು ವರ್ಷ ನಾಟಕದಲ್ಲಿ ಹೇಳಿದ್ದಲ್ವಾ. ಬೇರೆ ಮಾತು ನನಗೆಲ್ಲಿ ಬರುತ್ತೆ? ಆದ್ರೆ ಅದನ್ನ ಆಡಿದ ಕೂಡಲೇ ಅವಳಿಗೆ ಗೊತ್ತಾಗ್ಬಿಡುತ್ತೆ. ಆ ಮಾತು ಬಂತು ಅಂದ್ರೆ ಮುಂದೇನು ಅಂತ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದಕ್ಕೇ ಅಡುಗೆಮನೇಲಿ ನಲ್ಲಿ ಸೋರ್ತಿದೆ, ವಾಷರ್ ಹಾಕ್ಬೇಕು ಅಂತ ಅದನ್ನೇ ಹೇಳ್ತಾ ಕೂತೆ. ಅವಳು ಹೂಂಗುಟ್ತಿದ್ದಳು. ಆಮೇಲೆ ಹೂಂಗುಟ್ಟಲಿಲ್ಲ."

ಸುತ್ತಿಗೆಯನ್ನು ಮೆಲ್ಲಗೆ ನೆಲದ ಮೇಲಿಟ್ಟರು. "ಇಲ್ಲಾದರೂ ಹೇಳ್ಬಿಡೋಣ ಅಂತ ನಾಟಕ ಮಾಡ್ತೀನಿ ಅಂದಿದ್ದು. ನೀವೆಲ್ಲ ಅಷ್ಟು ಪ್ರೀತಿಯಿಂದ ಬದಲಾಯಿಸಿದ್ರಿ, ಬೇಡ ಅನ್ನೋಕೆ ಬಾಯಿ ಬರಲಿಲ್ಲ. ಒಂದು ಸಲ ಹಳೇದನ್ನ ಮಾಡೋಣ. ಒಂದೇ ಸಲ."

ಪೋಸ್ಟಮ್ಮ ಕೋಟು ಬಿಚ್ಚಿ ಕುರ್ಚಿಯ ಮೇಲೆ ಹಾಕಿದಳು. "ಜರುಗಿ ಅಣ್ಣಾ" ಎಂದು ಮಂಚದ ಮೇಲೆ ಮಲಗಿ ಹೊದಿಕೆ ಎಳೆದುಕೊಂಡಳು. ನಾನು ಪರದೆಯ ಪಕ್ಕ ಹೋಗಿ ನನ್ನ ಸ್ಟೂಲಿನ ಮೇಲೆ ಕೂತೆ. ಕಿಟಕಿಯಿಂದ ಇನ್ನೂ ಸ್ವಲ್ಪ ಬಿಸಿಲು ಬರುತ್ತಿತ್ತು.

ಭಾವ ಅವಳ ಕೈ ಹಿಡಿದುಕೊಂಡರು. "ದೋಣಿ ಕಟ್ಟಿ ಬಂದಿದ್ದೀನಿ. ಇನ್ನೆಲ್ಲಿಗೂ ಹೋಗಲ್ಲ" ಎಂದರು. "ನಾನು ಕೊಟ್ಟ ಕಷ್ಟ ಮರೆತುಬಿಡು. ನೀನು ಕೊಟ್ಟ ಸುಖ ನಾನು ಮರೆಯಲ್ಲ." ಇಷ್ಟು ಹೇಳಿ ನಿಂತುಬಿಟ್ಟರು. ಇನ್ನು ಎರಡೇ ಮಾತು ಉಳಿದಿದ್ದವು. ಇಷ್ಟು ವರ್ಷಗಳಲ್ಲಿ ಭಾವ ಒಂದು ಸಲವೂ ತಡವರಿಸಿದವರಲ್ಲ.

ಎತ್ತಿಕೊಡಬೇಕಾದವಳು ನಾನು. ಊರಿನ ಮರೆಗುಳಿಗಳನ್ನೆಲ್ಲ ಗದರಿಸಿದ ನನ್ನ ಗಂಟಲಿನಿಂದ ದನಿಯೇ ಹೊರಡಲಿಲ್ಲ. ಹೋದವಳು ನನ್ನ ಅಕ್ಕ. ಬಸ್ಸಿಳಿದು ಓಡಿದ್ದೆ, ಆದರೂ ನನಗೂ ಏನೂ ಹೇಳಲು ಸಿಕ್ಕಿರಲಿಲ್ಲ. ಭಾವ ನನ್ನತ್ತ ತಿರುಗಿ ನೋಡಲಿಲ್ಲ, ಕಾಯುತ್ತಾ ಕೂತರು.

"ದಣಿದಿದ್ದೀಯ, ಮಲಗು" ಎಂದೆ.

"ದಣಿದಿದ್ದೀಯ, ಮಲಗು" ಎಂದರು ಭಾವ.

"ಬಾಗಿಲು ನಾನು ಹಾಕ್ಕೋತೀನಿ."

"ಬಾಗಿಲು ನಾನು ಹಾಕ್ಕೋತೀನಿ."

ಆಮೇಲೆ ಅವಳ ಕೈಯನ್ನು ಎದೆಯ ಮೇಲಿಟ್ಟು, ಹೊದಿಕೆ ಸರಿಮಾಡಿ, ಮಂಚದ ಚೌಕಟ್ಟಿಗೆ ಹಣೆ ಒತ್ತಿ ಅಳತೊಡಗಿದರು. ಅಕ್ಕ ಹೋದ ಮೇಲೆ ಅವರು ಅತ್ತದ್ದು ಅದೇ ಮೊದಲು. ನಾವು ಯಾರೂ ಹತ್ತಿರ ಹೋಗಲಿಲ್ಲ. ಪೋಸ್ಟಮ್ಮನ ಮುಚ್ಚಿದ ಕಣ್ಣಿನಿಂದ ನೀರು ಕಿವಿಗೆ ಇಳಿಯುತ್ತಿತ್ತು, ಆದರೂ ಅವರ ಅಳು ಮುಗಿಯುವವರೆಗೆ ಅವಳು ಅಲುಗಾಡದೆ ಸತ್ತೇ ಮಲಗಿದ್ದಳು.