ಯಮನವ್ವನ ಕಲ್ಲಿಗೆ ಹತ್ತಿದ ಕೋಕೋ

1943ರ ಮಳೆಗಾಲ ಮುಗಿಯುವ ಹೊತ್ತಿಗೆ ಮೂಡಲಗಿಯ ಹಿಟ್ಟಿನ ಗಿರಣಿ ನಿಂತಿತು. ಎಂಜಿನ್ ಕೆಟ್ಟಿರಲಿಲ್ಲ. ಅದಕ್ಕೆ ಬೇಕಾದ ಎಣ್ಣೆ ಯುದ್ಧಕ್ಕೆ ಹೋಗುತ್ತಿತ್ತು, ಪರವಾನಗಿಯ ಮೇಲೆ ಸಿಗುತ್ತಿದ್ದದ್ದು ವಾರದಲ್ಲಿ ಒಂದು ದಿನಕ್ಕೂ ಸಾಲುತ್ತಿರಲಿಲ್ಲ. ಅಲ್ಲಿಗೆ ಕಾಳು ಒಯ್ಯುತ್ತಿದ್ದ ಕಲ್ಲೋಳಿಯ ಹೆಂಗಸರು ತಮ್ಮ ಬೀಸುಕಲ್ಲುಗಳನ್ನು ಹುಡುಕಿಕೊಂಡು ಹಿತ್ತಲಿಗೆ ಹೋದರು. ಎಂಟು ವರ್ಷ ಗಿರಣಿಯ ಹಿಟ್ಟು ತಿಂದ ಮನೆಗಳಲ್ಲಿ ಮೇಲಿನ ಕಲ್ಲು ಅರಿವೆ ಒಗೆಯುವ ಕಲ್ಲಾಗಿತ್ತು, ಕೆಳಗಿನ ಕಲ್ಲು ದನದ ಮನೆಯ ಮೆಟ್ಟಿಲಾಗಿತ್ತು. ಉಳಿದ ಕಲ್ಲುಗಳ ಹಲ್ಲು ಸವೆದಿದ್ದವು. ಆ ಓಣಿಯಲ್ಲಿ ಬೀಸಲು ಬರುವಂತಿದ್ದದ್ದು ಒಂದೇ ಕಲ್ಲು, ಯಮನವ್ವನದು.

ಯಮನವ್ವನಿಗೆ ಐವತ್ತು ದಾಟಿತ್ತು. ಗಂಡ ತೀರಿದಂದಿನಿಂದ ಅವಳು ಬೀಸಿಯೇ ಬದುಕಿದವಳು. ಗಿರಣಿ ಬಂದಾಗ ಏಳು ಮನೆಗಳಲ್ಲಿ ಐದು ಬಿಟ್ಟುಹೋಗಿದ್ದವು, ಈಗ ಐದೂ ತಿರುಗಿ ಬಂದಿದ್ದವು. ಅದರಿಂದ ಹೊಟ್ಟೆ ತುಂಬಿತು, ಬಲಗಡೆಯ ಭುಜ ಹೋಯಿತು. ಕೈ ತಲೆಯ ಮೇಲೆ ಏರುತ್ತಿರಲಿಲ್ಲ. ತುರುಬು ಕಟ್ಟಲು ಬಾಜೂ ಮನೆಯ ಗುಡ್ಡವ್ವನನ್ನು ಕರೆಯುತ್ತಿದ್ದಳು. ಗುಡ್ಡವ್ವನಿಗೆ ಎಂಟು ವರ್ಷ.

ಗುಡ್ಡವ್ವನ ಅಪ್ಪ ಲಕ್ಕಪ್ಪ ಪಲ್ಟನ್‌ನಲ್ಲಿ ಅಡಿಗೆಯವ. ಸಿಲೋನಿನಿಂದ ತಿಂಗಳ ರಜೆಯ ಮೇಲೆ ಬಂದಿದ್ದ. ಎಳ್ಳ ಅಮಾವಾಸ್ಯೆ ನಾಲ್ಕು ದಿನ ಇದೆ ಎನ್ನುವಾಗ, ಗುರುವಾರ ಬೆಳಿಗ್ಗೆ, ಒಂದು ಖಾಕಿ ಚೀಲ ಹೊತ್ತು ಯಮನವ್ವನ ಪಡಸಾಲೆಗೆ ಬಂದ. ಹಿಂದೆಯೇ ಅವನ ಹೆಂಡತಿ ಸತ್ತೆವ್ವ ಬಂದು ಬಾಗಿಲಿಗೆ ಒರಗಿ ನಿಂತಳು.

“ಚಿಗವ್ವಾ, ಇದನ್ನಿಷ್ಟು ಬೀಸಿ ಕೊಡಬೇಕಲಾ.”

ಯಮನವ್ವ ಚೀಲದೊಳಗೆ ಕೈ ಹಾಕಿ ತೆಗೆದಳು. ಅವರೆಕಾಳಿಗಿಂತ ದೊಡ್ಡ, ಕಂದು ಬಣ್ಣದ, ತೊಗಟೆಯಂಥ ಸಿಪ್ಪೆಯ ಬೀಜ. “ಏನಿದು? ದನದ ಔಷಧೇನು?”

“ಕೋಕೋ ಬೀಜ. ಚಾಕಲೇಟ ಇದರಿಂದನ ಮಾಡ್ತಾರ.”

“ಹದಿನಾಲ್ಕ ತಿಂಗಳಿಂದ ಕಾಗದದಾಗ ಬರೀ ಚಾಕಲೇಟ, ಚಾಕಲೇಟ,” ಎಂದಳು ಸತ್ತೆವ್ವ. “ಮನಿಗಿ ಏನ್ ಬೇಕು ಅಂತ ಒಂದ ಸಲ ಕೇಳಲಿಲ್ಲ. ಮಗಳು ಓಣಿ ತುಂಬ ಡಂಗುರ ಹೊಡದಾಳ. ಈಗ ಇವರು ತಂದದ್ದು ಬೀಜ.”

“ಚಾಕಲೇಟ ತಂದಿದ್ರ ರೇಲ್ವೇದಾಗ ಕರಗಿ ಹೋಗತಿತ್ತು.”

“ನೀವ ಕರಗಲಿಲ್ಲಲಾ, ಅದ ಪುಣ್ಯಾ.”

ಲಕ್ಕಪ್ಪ ತಾನು ಕಂಡದ್ದನ್ನು ಹೇಳಿದ. ಅವರ ಠಾಣೆಯ ಬಾಜೂ ಮಾತಳೆ ಎಂಬ ಊರಿನ ಕಡೆ ಕೋಕೋ ತೋಟಗಳಿದ್ದವು. ಕಾಯಿ ಗಿಡದ ಬೊಡ್ಡೆಗೇ ಬಿಡುತ್ತದೆ, ಒಡೆದರೆ ಒಳಗೆ ಬಿಳಿ ಲೋಳೆ ಸುತ್ತಿದ ಬೀಜ. ಅದನ್ನು ಬಾಳೆಲೆ ಮುಚ್ಚಿ ಐದಾರು ದಿನ ಗುಡ್ಡೆ ಹಾಕುತ್ತಾರೆ. ಹುಳಿ ಬಂದು ಬಿಸಿಯಾಗಿ, ಬೀಜದ ಒಗರು ಕಡಿಮೆಯಾಗುತ್ತದೆ. ಆಮೇಲೆ ಬಿಸಿಲಿಗೆ ಒಣಗಿಸುವುದು, ಹುರಿಯುವುದು, ಸಿಪ್ಪೆ ಕೇರುವುದು, ಅರೆಯುವುದು, ಸಕ್ಕರೆ ಕೂಡಿಸುವುದು. ಹುಳಿ ಬರಿಸಿ ಒಣಗಿಸುವ ಕೆಲಸ ಅಲ್ಲಿಯೇ ಆಗಿತ್ತು. ಉಳಿದದ್ದು ಇಲ್ಲಿ ಆಗಬೇಕಾಗಿತ್ತು. ತೋಟದ ಕಾವಲುಗಾರನ ಹೆಂಡತಿ ಕಲ್ಲಿನ ಮೇಲೆ ಅರೆಯುವುದನ್ನು ಅವನು ನೋಡಿದ್ದ. ಕಲ್ಲಿನ ಕೆಳಗೆ ಕೆಂಡ ಇರುತ್ತಿದ್ದದ್ದನ್ನೂ ನೋಡಿದ್ದ. ಅದು ಚಳಿಗೆ ಇರಬೇಕೆಂದುಕೊಂಡು ಆ ಮಾತನ್ನು ಹೇಳಲಿಲ್ಲ.

ಹುರಿಯುವುದು ಯಮನವ್ವನಿಗೆ ಶೇಂಗಾ ಹುರಿದಷ್ಟೇ ಸುಲಭವಾಯಿತು. ಸಿಪ್ಪೆ ಚಟಚಟ ಅಂದಾಗ ಇಳಿಸಿದಳು. ಅಂಗೈಯಲ್ಲಿ ತಿಕ್ಕಿ ಮೊರದಲ್ಲಿ ಕೇರಿದಳು. ನಾಲ್ಕು ಸೇರು ಬೀಜಕ್ಕೆ ಮೂರು ಸೇರು ಚಿಲ್ಲರೆ ನುಚ್ಚು ಉಳಿಯಿತು. ಮೊದಲ ಹಿಡಿಯನ್ನು ಕಲ್ಲಿನ ಬಾಯಿಗೆ ಹಾಕಿ ಗೂಟ ಹಿಡಿದು ತಿರುಗಿಸಿದಳು.

ಐದಾರು ಸುತ್ತಿಗೆ ಕಲ್ಲು ಭಾರವಾಯಿತು. ಸುತ್ತ ಹಿಟ್ಟು ಬೀಳಲಿಲ್ಲ. ಅಂಚಿನಲ್ಲಿ ಕರಿ ಜಿಡ್ಡು ಕಾಣಿಸಿಕೊಂಡು ಅಲ್ಲೇ ನಿಂತಿತು. ಇನ್ನೂ ಎರಡು ಹಿಡಿ ಹಾಕಿದಳು. ಕಲ್ಲು ನಿಂತೇಬಿಟ್ಟಿತು.

ಎಳ್ಳು, ಅಗಸಿ ಬೀಸುವಾಗ ಕಲ್ಲು ಹೀಗೆ ಹಿಡಿದರೆ ಈ ಕಡೆಯ ಹೆಂಗಸರು ಮಾಡುವುದು ಒಂದೇ: ಒಂದು ಹಿಡಿ ಜೋಳ ಹಾಕಿ ತಿರುಗಿಸುವುದು. ಜೋಳದ ಹಿಟ್ಟು ಜಿಡ್ಡನ್ನು ಹೀರಿ ಹೊರಗೆ ತರುತ್ತದೆ. ಯಮನವ್ವ ಒಂದು ಹಿಡಿ ಹಾಕಿದಳು, ಆಗಲಿಲ್ಲ. ಎರಡನೆಯದು ಹಾಕಿದಳು. ಲಕ್ಕಪ್ಪನೂ ಕೈ ಕೊಟ್ಟು ನೂಕಿದ ಮೇಲೆ ಕಲ್ಲು ನಾಲ್ಕು ಸುತ್ತು ತಿರುಗಿತು. ಹೊರಗೆ ಬಂದದ್ದು ಸ್ವಲ್ಪ, ಒಳಗೆ ಉಳಿದದ್ದು ಬಹಳ. ಕೋಕೋದ ಕೊಬ್ಬು ಎಣ್ಣೆಯಂತೆ ತೆಳ್ಳಗೆ ಉಳಿಯುವುದಲ್ಲ, ತಂಪಿಗೆ ಮೇಣದಂತೆ ಗಟ್ಟಿಯಾಗುತ್ತದೆ. ಡಿಸೆಂಬರಿನ ಆ ರಾತ್ರಿಯ ತಂಪಿಗೆ ಜೋಳದ ಹಿಟ್ಟೂ ಕೊಬ್ಬೂ ಕೂಡಿ ಕಲ್ಲಿನ ಹಲ್ಲುಗಳಲ್ಲಿ ಗಚ್ಚಾಗಿ ಕೂತವು.

ಶುಕ್ರವಾರ ಗೌಡರ ಮನೆಯ ಜೋಳ ಬೀಸಬೇಕಿತ್ತು. ಕಲ್ಲು ತಿರುಗಿತು, ಆದರೆ ಹಿಟ್ಟು ನವಣೆಯಂತೆ ದಪ್ಪ, ಕಂದು ಚುಕ್ಕೆ, ಸುಟ್ಟ ವಾಸನೆ. ಯಮನವ್ವ ಒಂದು ಸೇರನ್ನು ಗೌಡರ ಮನೆಗೆ ಒಯ್ದು ತೋರಿಸಿದಳು. ಮುಚ್ಚಿಡುವುದು ಅವಳ ಸ್ವಭಾವವಲ್ಲ, ಮುಚ್ಚಿಡಲು ಬರುವಂತೆಯೂ ಇರಲಿಲ್ಲ.

ಗೌಡರ ಹೆಂಡತಿ ಅಕ್ಕವ್ವ ಹಿಟ್ಟನ್ನು ಮೂಸಿದಳು. “ಏನ್ ಬೀಸಿದಿ ಇದರಾಗ?”

“ಲಕ್ಕಪ್ಪ ತಂದ ಬೀಜರಿ.”

“ಅಮಾಸಿ ಎದುರಿಗೆ ಇಟ್ಟಕೊಂಡು?”

“ತಪ್ಪಾತ್ರಿ ಅಕ್ಕಾರ. ಕೂಸಿಗಿ ಅಂತ ಅಂದ. ಬೀಸಿದೆ.”

ಅಕ್ಕವ್ವ ಕೂಗಾಡುವವಳಲ್ಲ. “ಹನ್ನೆರಡ ಸೇರು ಜೋಳ, ಕಡಬಿಗಿ ನಾಕ ಸೇರು ಗೋದಿ. ಆದಿತ್ವಾರ ಸಂಜಿಗಿ ನನಗ ಹಿಟ್ಟು ಬೇಕು. ಮೂವತ್ತು ಮಂದಿ ಹೊಲಕ್ಕ ಬರ್ತಾರ. ಬೆಲ್ಲದ ಬಾಗೇವಾಡ್ಯಾಗ ನಮ್ಮ ತವರುಮನ್ಯಾಗ ಬೀಸಾಕಿ ಒಬ್ಬಾಕಿ ಅದಾಳ. ನಾಳಿ ಸಂಜಿ ತನಕ ನೋಡ್ತೇನಿ. ಆಗಲಿಲ್ಲಂದ್ರ ಚಕ್ಕಡ್ಯಾಗ ಆಕಿನ್ನೂ ಆಕಿ ಕಲ್ಲನ್ನೂ ತರಸ್ತೇನಿ. ಅಷ್ಟ ದೂರದಿಂದ ಬಂದಾಕಿನ ಮತ್ತ ತಿರಗಿ ಕಳಸಾಕ ಆಗೂದಿಲ್ಲ, ಯಮನವ್ವಾ.”

ಅಂದರೆ ಬಂದವಳು ಇಲ್ಲೇ ಉಳಿಯುತ್ತಾಳೆ. ಗೌಡರ ಮನೆ ಹೋದರೆ ಉಳಿದ ಮನೆಗಳೂ ಹೊಸ ಕಲ್ಲಿನ ಕಡೆ ಹೋಗುತ್ತವೆ. ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಯಮನವ್ವ ಆ ಒಂದು ಸೇರು ಹಿಟ್ಟನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಬಂದು, ಅದನ್ನು ದನಕ್ಕೆ ಹಾಕಿ, ತನ್ನ ಗಡಿಗೆಯಿಂದ ಒಂದು ಸೇರು ಜೋಳ ಅಳೆದು ಗೌಡರ ಚೀಲಕ್ಕೆ ಸುರಿದಳು.

ಸವೆದ ಬೀಸುಕಲ್ಲಿಗೆ ಉಳಿಯಿಂದ ಹೊಸ ಹಲ್ಲು ಕುಟ್ಟುವ ದುರ್ಗಪ್ಪ ಹುಕ್ಕೇರಿ ಕಡೆ ಹೋಗಿದ್ದ. ಅಮಾವಾಸ್ಯೆಯ ಮೊದಲು ಬರುವುದಿಲ್ಲವೆಂದು ಅವನ ಮನೆಯವರು ಹೇಳಿದರು. ಲಕ್ಕಪ್ಪ ಚಾಕುವಿನಿಂದ ಕೆರೆದು ನೋಡಿದ. ತಣ್ಣೀರು ಸುರಿದು ನೋಡಿದ. ಮೇಣಕ್ಕೆ ನೀರು ಏನು ಮಾಡೀತು?

“ಚಿಗವ್ವಾ,” ಎಂದ ಚಾಕು ಕೆಳಗಿಟ್ಟು, “ಆ ತೋಟದ ಹೆಣ್ಮಗಳು ಕಲ್ಲಿನ ಬುಡಕ ಕೆಂಡ ಇಟ್ಟಿದ್ಲು.”

ಯಮನವ್ವ ಅವನನ್ನು ನೋಡಿದಳು. “ನಿನ್ನಿ ಹೇಳಬೇಕಿತ್ತಲ್ಲೋ ತಮ್ಮಾ.”

“ಚಳಿಗಿ ಇಟ್ಟಾಳ ಅಂತ ತಿಳದಿದ್ದೆ.”

“ನಿನಗ ಪಲ್ಟನ್ನದಾಗ ಅಡಿಗಿ ಮಾಡಾಕ ಯಾರ ಇಟ್ಟಕೊಂಡ್ರೋ?”

ಕೆಂಡದ ಮೇಲೆ ಇಟ್ಟರೆ ಕಲ್ಲು ಸೀಳುವ ಭಯವಿತ್ತು. ಸೀಳಿದ ಕಲ್ಲಿಗೆ ದುರ್ಗಪ್ಪನಿದ್ದರೂ ಉಪಾಯವಿಲ್ಲ. ಆದರೆ ಅದು ಕಬ್ಬಿನ ಹಂಗಾಮು. ಊರ ಹೊರಗೆ ಕರೆಪ್ಪನ ಬೆಲ್ಲದ ಗಾಣ ನಡೆದಿತ್ತು, ಹದಿನೈದು ದಿನದಿಂದ ಒಲೆ ಆರಿರಲಿಲ್ಲ. ಶನಿವಾರ ನಸುಕಿನಲ್ಲಿ ಲಕ್ಕಪ್ಪ ಎರಡೂ ಕಲ್ಲುಗಳನ್ನು ಚಕ್ಕಡಿಯಲ್ಲಿ ಹಾಕಿಕೊಂಡು ಹೊರಟ. ಯಮನವ್ವ ಕಲ್ಲಿನ ಬಾಜೂ ಕುಳಿತಳು, ಗುಡ್ಡವ್ವ ಉಳಿದ ನುಚ್ಚಿನ ಗಂಟು ಹಿಡಿದಿದ್ದಳು.

ಕರೆಪ್ಪ ಬೆಲ್ಲದ ಹದ ನೋಡುವವ. ನಿದ್ದೆಗೆಟ್ಟ ಕಣ್ಣು ಕೆಂಪಾಗಿದ್ದವು. ಸಂಗತಿಯನ್ನೆಲ್ಲ ಕೇಳಿ ಕಲ್ಲಿನ ಹಲ್ಲಿಗೆ ಉಗುರು ಹಚ್ಚಿ ನೋಡಿದ.

“ಒಲಿ ಬಾಯಿಗಿ ಬ್ಯಾಡ. ಹಿಂದಿನ ಗ್ವಾಡಿಗಿ ಆನಿಸಿ ಇಡ್ರಿ. ಅಂಗೈ ಇಟ್ರ ಇಪ್ಪತ್ತ ಎಣಿಸೂತನಕ ತಡೀಬೇಕು. ಹತ್ತಕ್ಕ ಕೈ ತಗದ್ರ ಕಲ್ಲು ಇತ್ತಾಗ ಎಳೀರಿ.”

ಅಂಗೈ ಇಟ್ಟು ಎಣಿಸುವ ಕೆಲಸ ಗುಡ್ಡವ್ವನಿಗೆ ಬಂತು. ಯಮನವ್ವ ಕಬ್ಬಿನ ಸಿಪ್ಪೆಯ ರಾಶಿಗೆ ಒರಗಿ ಕಣ್ಣು ಮುಚ್ಚಿದಳು. ಬೆಳಗಿನ ಹೊತ್ತು ಅವಳು ಕಲ್ಲಿನ ಮುಂದೆ ಇಲ್ಲದೆ ಸುಮ್ಮನೆ ಕುಳಿತದ್ದು ಆ ವರ್ಷದಲ್ಲಿ ಅದೇ ಮೊದಲು.

ಹೊತ್ತು ನೆತ್ತಿಗೆ ಬರುವ ಮುಂಚೆ ಗುಡ್ಡವ್ವ ಕೂಗಿದಳು. “ಆಯೀ, ಕಲ್ಲು ಅಳಾಕತ್ತೈತಿ!”

ಹಲ್ಲುಗಳಿಂದ ಕರಿ ಜಿಡ್ಡು ಮಿನುಗುತ್ತ ಇಳಿಯುತ್ತಿತ್ತು. ಲಕ್ಕಪ್ಪ ಅರಿವೆ ತೆಗೆದುಕೊಂಡು ಒರೆಸಲು ಹೋದ. ಯಮನವ್ವ ತಡೆದಳು.

“ನಿಂದರು. ಹೆಂಗೂ ಹೊಲಸಾಗೈತಿ. ಎರಡ ಸಲ ಯಾಕ ತೊಳೀಬೇಕು? ಉಳಿದದ್ದೂ ಹಾಕು.”

ಬಿಸಿ ಕಲ್ಲನ್ನು ಜೋಡಿಸಿದರು. ಗುರುವಾರ ಇಬ್ಬರ ಬಲಕ್ಕೂ ಬಗ್ಗದ ನುಚ್ಚು ಈಗ ಎರಡು ಸುತ್ತಿಗೆ ನುರಿದು, ನಾಲ್ಕನೆಯ ಸುತ್ತಿಗೆ ಅಂಚಿನಿಂದ ತೊಟ್ಟಿಕ್ಕತೊಡಗಿತು. ಕೆಳಗೆ ಪರಾತ ಇಟ್ಟರು. ಒಂದು ತಾಸಿನಲ್ಲಿ ಅದು ಅರ್ಧ ತುಂಬಿತು. ಗಾಣದಲ್ಲಿ ಕಬ್ಬು ಕೊಡುತ್ತಿದ್ದವರು ಕೆಲಸ ಬಿಟ್ಟು ಬಂದು ಮೂಸಿದರು. ಒಬ್ಬ ಬೆರಳದ್ದಿ ನೆಕ್ಕಿ ಉಗುಳಿದ.

“ಬೇವಿನ ಕಾಯಿ ಅದಾವೇನು ಲಕ್ಕಪ್ಪಾ?”

“ಸಕ್ಕರಿ ಬಿದ್ದ ಮ್ಯಾಲೆ ನೋಡ್ರಿ.”

ಸಕ್ಕರೆ ಕಾರ್ಡಿನ ಮೇಲೆ ಸಿಗುವ ಕಾಲ, ಅವನ ಹತ್ತಿರ ಇರಲಿಲ್ಲ. ಕರೆಪ್ಪ ಕೊಪ್ಪರಿಗೆಯಿಂದ ಒಂದು ಸೌಟು ಬಿಸಿ ಬೆಲ್ಲ ತಂದು ಪರಾತದ ಒಂದು ಮೂಲೆಗೆ ಸುರಿದ. ಎಣ್ಣೆಯಂತೆ ಹರಿಯುತ್ತಿದ್ದದ್ದು ನೋಡುತ್ತಿದ್ದಂತೆ ಅಲ್ಲಿ ಬಿಗಿದು ಕೆಸರಿನ ಉಂಡೆಯಾಯಿತು. ಅರೆದ ಕೋಕೋಗೆ ಸ್ವಲ್ಪ ನೀರು ಬಿದ್ದರೂ ಹಾಗೆಯೇ ಆಗುತ್ತದೆ, ಹಸಿ ಬೆಲ್ಲದಲ್ಲಿ ನೀರು ಇದ್ದೇ ಇತ್ತು. ಕಾಗದದ ಹೊದಿಕೆಯೊಳಗಿನ ನುಣುಪಾದ ಚಾಕಲೇಟನ್ನು ಮಗಳ ಕೈಯಲ್ಲಿ ಇಡುವ ಲಕ್ಕಪ್ಪನ ಆಸೆ ಅಲ್ಲಿಗೆ ಮುಗಿಯಿತು. ಅವನು ಆ ಉಂಡೆಯನ್ನು ಸೌಟಿನಿಂದ ಎತ್ತಿ ಬೇರೆ ಇಟ್ಟ.

“ಕೇಕ ಮಾಡ್ತೇನಿ,” ಎಂದ. “ಅದಕ್ಕ ಹಾಲು ಹಾಕಬೇಕ. ನೀರು ಇದ್ರ ನಡೀತೈತಿ.”

ಸಂಜೆಯವರೆಗೂ ಅವರು ಕಲ್ಲು ತೊಳೆದರು. ಬಿದಿರ ಕಡ್ಡಿಯಿಂದ ಹಲ್ಲು ಹಲ್ಲು ಬಿಡಿಸಿದರು, ಬಿಸಿ ಬೂದಿಯಿಂದ ತಿಕ್ಕಿದರು, ಅಂಟವಾಳದ ಬಿಸಿ ನೀರು ಮೂರು ಸಲ ಹೊಯ್ದರು. ಮತ್ತೆ ಗೋಡೆಗೆ ಇಟ್ಟು ಒಣಗಿಸಿದರು. ಮನೆಗೆ ತಂದು ಯಮನವ್ವ ತನ್ನದೇ ಜೋಳ ಒಂದು ಸೇರು ಬೀಸಿದಳು. ಹಿಟ್ಟು ಮಾಸಲಾಗಿ ಬಂತು. ಇನ್ನೊಂದು ಸೇರು ಬೀಸಿದಳು. ಬಿಳಿ ಬಂತು. ಅದನ್ನು ಗೌಡರ ಮನೆಗೆ ಒಯ್ದಳು.

ಅಕ್ಕವ್ವ ಮೂಸಿದಳು, ಚಿಮಟಿ ನಾಲಗೆಗೆ ಹಚ್ಚಿದಳು. ಇನ್ನೊಂದು ಸಲ ಮೂಸಿದಳು.

“ಬೀಸು. ಆದ್ರ ನಾಳಿ ಸಂಜಿ ಅಂದ್ರ ಸಂಜಿ.”

ಎರಡು ದಿನದ ಕೆಲಸ ಒಂದು ದಿನಕ್ಕೆ ಬಿದ್ದಿತ್ತು. ಆದಿತ್ಯವಾರ ಬೆಳಿಗ್ಗೆ ನಾಲ್ಕನೆಯ ಸೇರಿಗೆ ಯಮನವ್ವನ ಕೈ ಗೂಟದಿಂದ ಜಾರಿತು. ಮತ್ತೆ ಹಿಡಿದಳು, ಮತ್ತೆ ಜಾರಿತು. ಗೋಡೆಗೆ ಒರಗಿ ಉಳಿದ ಚೀಲವನ್ನು ನೋಡುತ್ತ ಕುಳಿತಳು. ಸತ್ತೆವ್ವ ಹೊಲದಲ್ಲಿದ್ದಳು, ಓಣಿಯ ಹೆಂಗಸರೆಲ್ಲ ಸುಗ್ಗಿಯಲ್ಲಿದ್ದರು. ಲಕ್ಕಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದು, ಕಲ್ಲಿನ ಆಚೆ ಕಾಲು ಚಾಚಿ ಕುಳಿತು, ಗೂಟ ಹಿಡಿದ.

“ಏಳೋ. ಮಂದಿ ನೋಡ್ತಾರ.”

“ನೋಡಲಿ. ಪಲ್ಟನ್ನದಾಗ ಇನ್ನೂರ ಮಂದಿ ಕಣಕ ನಾದೇನಿ.”

ಮಂದಿ ನೋಡಿದರು. ಗಂಡಸು ಬೀಸಲು ಕುಳಿತದ್ದನ್ನು ಆ ಊರು ಕಂಡಿರಲಿಲ್ಲ. ಕಿಟಕಿಯಿಂದ ಒಬ್ಬ ಕೇಳಿದ, “ಲಕ್ಕಪ್ಪಾ, ಸೀರಿ ಯಾವಾಗ ಉಡತೀಯೋ?” ಲಕ್ಕಪ್ಪ ತಿರುಗಿ ನೋಡದೆ, “ನಿನ್ನ ಹೆಂಡ್ತಿ ಬಿಟ್ಟುಕೊಟ್ರ ಈಗ ಉಡತೇನಿ,” ಎಂದ. ಅವನ ಸುತ್ತು ಒರಟಾಗಿತ್ತು. ಯಮನವ್ವ ಎಡಗೈಯಿಂದ ಕಾಳು ಹಾಕುತ್ತ, ಅವನ ಎಳೆತವನ್ನು ತಿದ್ದುತ್ತ ಹೋದಳು.

“ಬೀಸೂ ಹಾಡು ಹೇಳೂದಿಲ್ಲೇನು ಚಿಗವ್ವಾ?”

“ಹಾಡಾಕ ಉಸುರು ಬೇಕಲೋ.”

ದೀಪ ಹಚ್ಚುವ ಹೊತ್ತಿಗೆ ಗೋಧಿಯೂ ಮುಗಿಯಿತು. ಹಿಟ್ಟನ್ನು ಲಕ್ಕಪ್ಪನೇ ಹೊತ್ತು ಮುಟ್ಟಿಸಿದ. ಹಿಟ್ಟು ಬರದಿದ್ದರೆ ರಾತ್ರಿಯೇ ಬಾಗೇವಾಡಿಗೆ ಹೋಗಲು ಸಜ್ಜಾಗಿದ್ದ ಚಕ್ಕಡಿಯ ಎತ್ತುಗಳನ್ನು ಅಕ್ಕವ್ವ ಬಿಚ್ಚಿಸಿದಳು.

ಕೇಕು ಅಮಾವಾಸ್ಯೆಯ ಬೆಳಿಗ್ಗೆ ಆಯಿತು. ಅರೆದ ಕೋಕೋವನ್ನು ಬಿಸಿ ಹಾಲಿನಲ್ಲಿ ಕದಡಿ, ಕುಟ್ಟಿದ ಬೆಲ್ಲ, ಬೆಣ್ಣೆ, ಗೋಧಿ ಹಿಟ್ಟು, ಚಿಟಿಕೆ ಸೋಡಾ ಕೂಡಿಸಿ, ಗುಡ್ಡವ್ವ ಕೈ ಸೋಲುವ ತನಕ ತಿರುವಿದಳು. ಬೆಣ್ಣೆ ಸವರಿದ ಬೋಗುಣಿಯಲ್ಲಿ ಸುರಿದು, ಬಿಸಿ ಉಸುಕು ಹಾಕಿದ ಗಡಿಗೆಯಲ್ಲಿ ಇಟ್ಟು, ಮುಚ್ಚಳದ ಮೇಲೂ ಕೆಂಡ ಹರವಿದರು. ಮುಕ್ಕಾಲು ತಾಸಿನ ಮೇಲೆ ಲಕ್ಕಪ್ಪ ಬೆಂದಿದೆಯೇ ನೋಡಲು ಕಡ್ಡಿ ಹುಡುಕಿದ.

“ಕಸಬರಿಗಿ ಕಡ್ಡಿ ತಿನ್ನೂದರಾಗ ಚುಚ್ಚತೀರೇನು?” ಎಂದು ಸತ್ತೆವ್ವ ಅವನ ಕೈಯಿಂದ ಅದನ್ನು ಕಸಿದು, ಜೋಳದ ದಂಟಿನ ಸೀಳು ಕೊಟ್ಟಳು. ಕಡ್ಡಿ ಒಣಗಿಯೇ ಹೊರಬಂತು.

ಹೊಲದಲ್ಲಿ ಭೂಮಿತಾಯಿಗೆ ಎಡೆ ಮಾಡಿ ಚರಗ ಚೆಲ್ಲಿದ ಮೇಲೆ ಹನ್ನೊಂದು ಮಕ್ಕಳಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ ತುಂಡುಗಳು ಬಂದವು. ಗುಡ್ಡವ್ವ ತನ್ನದನ್ನು ತಿಂದು, “ಸುಟ್ಟ ಬೆಲ್ಲದಂಗ ಐತಿ,” ಎಂದು ಮತ್ತೆ ಕೈ ಚಾಚಿದಳು. ಸಂಜೆ ಒಂದು ತುಂಡನ್ನು ಎಲೆಯಲ್ಲಿ ಸುತ್ತಿ ತಂದಳು. ಯಮನವ್ವ ಹೊಲಕ್ಕೆ ಹೋಗಿರಲಿಲ್ಲ, ಎಡಮಗ್ಗುಲಾಗಿ ಮಲಗಿದ್ದಳು. ಎದ್ದು ಕುಳಿತು ಅರ್ಧ ತಿಂದಳು, ಅರ್ಧ ಹುಡುಗಿಗೇ ಕೊಟ್ಟಳು.

“ನಿಮ್ಮಪ್ಪಗ ಹೇಳು, ಮುಂದಿನ ಸಲ ಬರೂವಾಗ ಬರೇ ಕೈಲೆ ಬಾ ಅಂತ.”

ಮಂಗಳವಾರ ಲಕ್ಕಪ್ಪ ಗೋಕಾಕ ರೋಡ ಸ್ಟೇಶನ್ನಿಗೆ ಹೊರಟ. ಬುಧವಾರ ದುರ್ಗಪ್ಪ ಉಳಿ, ಸುತ್ತಿಗೆ ಹಿಡಿದು ಬಂದ. ಸಂಕ್ರಾಂತಿಯ ಹೊತ್ತಿಗೆ ಗಿರಣಿಗೆ ಎಣ್ಣೆ ಬರುತ್ತದೆಂದು ಮೂಡಲಗಿಯಲ್ಲಿ ಕೇಳಿಕೊಂಡು ಬಂದಿದ್ದ.

“ಇನ್ನ ಮೂರ ವಾರಕ್ಕ ಗಿರಣಿ ಚಾಲೂ ಆಗತೈತಂತ. ಈಗ ಯಾಕ ಕುಟ್ಟಸ್ತಿ ಯಮನವ್ವಾ?”

“ಮೂರ ವಾರ ಉಣಬೇಕಲಾ? ಕುಟ್ಟು.”

ಅವನು ಮೇಲಿನ ಕಲ್ಲನ್ನು ಬೋರಲಾಗಿ ಹಾಕಿ ಉಳಿ ಹಚ್ಚಿದ. ಎರಡು ಏಟಿಗೆ ಹಲ್ಲಿನ ಬುಡದಿಂದ ಕಂದು ಪುಡಿ ಎದ್ದಿತು. ದುರ್ಗಪ್ಪ ಕೈ ನಿಲ್ಲಿಸಿ ಮೂಸಿದ.

“ಏನಿದು ವಾಸನಿ?”

“ಹುಡುಗರ ತಿನಿಸು,” ಎಂದು ಯಮನವ್ವ ಆ ಪುಡಿಯನ್ನು ಕಸಬರಿಗೆಯಿಂದ ಒಂದು ಕಡೆ ಗುಡಿಸಿದಳು. “ಆಳಕ್ಕ ಕುಟ್ಟು. ಪೂರ್ತಿ ಹೋಗಲಿ.”