ಕೊನೆಯ ನಲವತ್ತು ಸೆಕೆಂಡು

ಧಪ್ — ಈ ಚೆಂಡಿಗೆ ಗಾಳಿ ಕಮ್ಮಿ, ಗೋಡೆಯಾಚೆಯಿಂದಲೇ ಗೊತ್ತಾಗುತ್ತದೆ, ಮೂವತ್ತೊಂದು ವರ್ಷ ಬ್ಯಾಸ್ಕೆಟ್‌ಬಾಲಿನ ಸದ್ದನ್ನೇ ಉಂಡ ಕಿವಿ, ಇವತ್ತು ನಿವೃತ್ತಿ, ನಾಳೆಯಿಂದ ಏನು ಕೇಳುತ್ತದೋ, ನೀನು ಚೆಂಡನ್ನೇ ಕಟ್ಕೋಬೇಕಿತ್ತು ಕಣೇ, ನನ್ನನ್ಯಾಕೆ ಕಟ್ಕೊಂಡೆ ಎಂದು ಯಜಮಾನರು ಬೆಳಗ್ಗೆಯೂ ನಕ್ಕರು, ನಗಲಿ, ಪಂದ್ಯವಿದ್ದ ದಿನ ಮಗಳಿಗೆ ಜಡೆ ಹಾಕಿ ಶಾಲೆಗೆ ಕಳಿಸುತ್ತಿದ್ದವರು ಅವರೇ, ಆ ಸೊಟ್ಟ ಜಡೆ ನೆನೆದರೆ ಇವತ್ತಿಗೂ ಕಣ್ಣು ತುಂಬುತ್ತದೆ — ಕೈಯಲ್ಲಿ ಕ್ರೀಡಾ ಕೊಠಡಿಯ ಬೀಗದಕೈ, ಇದನ್ನು ನನ್ನ ಹಳೆಯ ಶಿಷ್ಯೆಗೆ ಕೊಟ್ಟರೆ ಮುಗಿಯಿತು, ಇನ್ನು ಕಾಲೇಜು ತಂಡಕ್ಕೆ ಅವಳೇ ಕೋಚ್, ಆಗ ತಂಡವೆಲ್ಲ ಏಣಿ ಎಂದು ಕರೆಯುತ್ತಿದ್ದವಳು, ಎತ್ತರವೇನೋ ಇತ್ತು, ಚೆಂಡು ಮಾತ್ರ ಒದ್ದೆ ಸೋಪಿನ ಹಾಗೆ ಕೈಯಿಂದ ಜಾರುತ್ತಿತ್ತು, ಮೂರು ವರ್ಷ ಬೆಂಚಿನ ಮೇಲೇ ಕೂರಿಸಿದೆ, ಅವಳ ಕೊನೆಯ ಪಂದ್ಯ, ನಾವು ಹದಿನೆಂಟು ಅಂಕ ಮುಂದೆ, ಆಗ, ಆಗ ಮಾತ್ರ, ನಲವತ್ತು ಸೆಕೆಂಡು ಉಳಿದಾಗ ಹೋಗಮ್ಮ ಎಂದೆ, ಭಿಕ್ಷೆ ಹಾಕಿದ ಹಾಗೆ, ಚೆಂಡು ಅವಳ ಕೈಗೆ ಬರುವ ಮೊದಲೇ ಸೀಟಿ ಊದಿಬಿಟ್ಟರು.

ಆಮೇಲೆ ಕಪಾಟು ತುಂಬ ಕಪ್‌ಗಳು ಬಂದವು, ಪತ್ರಿಕೆಯಲ್ಲಿ ಫೋಟೋ ಬಂತು, ಆ ನಲವತ್ತು ಸೆಕೆಂಡು ಗಂಟಲ ಮುಳ್ಳಾಗಿಯೇ ಉಳಿಯಿತು, ಇವತ್ತಲ್ಲದಿದ್ದರೆ ಇನ್ನು ಯಾವತ್ತು, ಅವಳು ಒಳಗೆ ಬಂದಳು, ಬೀಗದಕೈ ಚಾಚಿದೆ, ಕೇಳಿಯೂಬಿಟ್ಟೆ, ನಿನ್ನನ್ನ ಆಡಿಸಲೇ ಇಲ್ವಲ್ಲ, ಕೋಪ ಇಲ್ವೇನೇ ನನ್ಮೇಲೆ, ನಕ್ಕಳು, ಇತ್ತು ಮೇಡಂ, ಮೊದಲನೇ ವರ್ಷ ದಿನಾ ಅಮ್ಮನ ಹತ್ರ ನಿಮ್ಮನ್ನ ಬೈತಿದ್ದೆ, ಆಮೇಲೆ ಆಟ ನೋಡೋದು ಬಿಟ್ಟು ನಿಮ್ಮನ್ನೇ ನೋಡೋಕೆ ಶುರು ಮಾಡಿದೆ, ಯಾರನ್ನ ಗದರ್ತೀರಿ, ಯಾರ ಬೆನ್ನು ತಟ್ತೀರಿ, ಸೋತಾಗ ಮೊದಲು ಯಾರಿಗೆ ನೀರು ಕೊಡ್ತೀರಿ, ಅಷ್ಟು ಹತ್ರ ಕೂತು ಕಲಿತೋರು ಇನ್ಯಾರಿದ್ದಾರೆ ಹೇಳಿ — ಅಯ್ಯೋ, ನಾನು ಕೊಡದೇ ಇದ್ದುದನ್ನೂ ಪಡೆದುಕೊಂಡಳಲ್ಲ ಪುಣ್ಯಾತ್ಗಿತ್ತಿ, ಮುಳ್ಳು ಎಲ್ಲಿ ಹೋಯಿತು, ಗಂಟಲು ಹಗುರ, ಬೀಗದಕೈ ತಗೊಂಡು ಅವಳು ಹೊರಗೆ ಹೋದಳು, ಬನ್ರೇ, ಸಾಲಾಗಿ ನಿಂತ್ಕೊಳ್ಳಿ ಎಂದು ಕೂಗಿದಳು, ಥೇಟ್ ನನ್ನದೇ ಕೂಗು, ನಾನು ಏಳಬೇಕು, ಮನೆಗೆ ಹೋಗಬೇಕು, ಆದರೆ ಇಷ್ಟು ವರ್ಷ ಮತ್ತೆ ಮತ್ತೆ ಕಣ್ಣಿಗೆ ಕಟ್ಟುತ್ತಿದ್ದುದೇ ಈಗಲೂ — ಕರೆಯುವುದಿಲ್ಲ ಎಂದು ಗೊತ್ತಿದ್ದೂ, ಪ್ರತಿ ಪಂದ್ಯಕ್ಕೂ ಮೊದಲು, ಬೆಂಚಿನ ಮೇಲೆ ಬಗ್ಗಿ ಆ ಹುಡುಗಿ ಶೂ ಲೇಸಿಗೆ ಬಿಗಿಯುತ್ತಿದ್ದ ಗಂಟು, ಅದರ ಮೇಲೆ ಇನ್ನೊಂದು ಗಂಟು, ಬಿಳಿ ಲೇಸು, ಎರಡು ಗಂಟು, ಎರಡು