ಹನ್ನೆರಡು ಮನೆಯ ತಟ್ಟೆ

ಗ್ಯಾನಪ್ಪನ ಕೇಕಿನಲ್ಲಿ ಎಲ್ಲರಿಗೂ ಬೇಕಾದದ್ದು ಅಂಚು. ತಗಡಿಗೆ ತಾಗಿ ಬೆಂದ ಬೆಲ್ಲ ಕಪ್ಪಗೆ ಗರಿಗಟ್ಟಿ, ಹಲ್ಲಿಗೆ ಸಿಕ್ಕರೆ ಕಟುಂ ಎನ್ನುತ್ತಿತ್ತು. ಅದರಲ್ಲೂ ಮೂಲೆಯ ತುಂಡು ಸಿಕ್ಕವನು ರಾಜ; ಅವನಿಗೆ ಎರಡು ಕಡೆ ಅಂಚು. ನಡುವಿನ ಮೆತ್ತಗಿನ ತುಂಡನ್ನು ಕೇಳುವವರೇ ಇರಲಿಲ್ಲ.

ಕೊಪ್ಪಳದಿಂದ ಗದಗಿನ ಕಡೆ ಹೋಗುವ ಹಳಿಯ ಮೇಲಿನ ಒಂದು ಸಣ್ಣ ಸ್ಟೇಶನ್ನಿನಲ್ಲಿ ಗ್ಯಾನಪ್ಪ ಪಾಯಿಂಟ್ಸ್‌ಮನ್ ಆಗಿದ್ದ. ಗಾಡಿ ಬರುವ ಹೊತ್ತಿಗೆ ಹಳಿ ಬದಲಿಸುವುದು, ಗಂಟೆ ಹೊಡೆಯುವುದು, ಸಂಜೆಯಾದರೆ ಸಿಗ್ನಲ್ಲಿನ ಕಂಬ ಹತ್ತಿ ದೀಪ ಇಟ್ಟು ಬರುವುದು ಅವನ ಕೆಲಸ. ಸುತ್ತ ಕಣ್ಣು ಹಾಯುವಷ್ಟು ದೂರ ಎರೆಹೊಲ. ಸ್ಟೇಶನ್ನಿನ ಆಚೆ ಹಳಿ ದುರಸ್ತಿ ಮಾಡುವ ಗ್ಯಾಂಗಿನವರ ಸಾಲುಮನೆಗಳು, ಈಚೆ ಒಂಟಿಯಾಗಿ ಗ್ಯಾನಪ್ಪನ ಒಂದು ಖೋಲಿ. ಅವನ ಹುಟ್ಟೂರು ನವಲಿ. ಹೆಂಡತಿ ಉಡಚಮ್ಮ ಕಾಲರಾದಲ್ಲಿ ಹೋದ ಮೇಲೆ ಅವನು ಊರಿನ ಕಡೆ ಮುಖ ಹಾಕಿರಲಿಲ್ಲ. ಮಕ್ಕಳಾಗಿರಲಿಲ್ಲ.

ಹರೆಯದಲ್ಲಿ ಅವನು ಹುಬ್ಬಳ್ಳಿಯ ಒಬ್ಬ ರೈಲ್ವೆ ದೊರೆಯ ಅಡುಗೆಮನೆಯಲ್ಲಿ ಪಾತ್ರೆ ತಿಕ್ಕಿಕೊಂಡಿದ್ದ. ಕೇಕು ಮಾಡುವುದನ್ನು ನೋಡಿ ಕಲಿತದ್ದು ಅಲ್ಲಿಯೇ. ದೊರೆ ತನ್ನ ದೇಶಕ್ಕೆ ಹೋಗುವಾಗ ಒಂದು ಚೌಕದ ತಗಡಿನ ತಟ್ಟೆಯನ್ನು ಇವನ ಕೈಗಿಟ್ಟು ಹೋದ. ಅಲ್ಲಿ ಸಕ್ಕರೆ ಹಾಕುತ್ತಿದ್ದರು, ಇಲ್ಲಿ ಬೆಲ್ಲ. ಗೋಧಿಹಿಟ್ಟು, ಬೆಣ್ಣೆ, ಮನೆಯ ಕೋಳಿಯ ಮೊಟ್ಟೆ, ಚೂರು ಸೋಡಾ. ತಟ್ಟೆಯ ಕೆಳಗೆ ಕೆಂಡ. ಮೇಲೊಂದು ಕಬ್ಬಿಣದ ಹಾಳೆ ಮುಚ್ಚಿ ಅದರ ಮೇಲೂ ಕೆಂಡ. ಐತವಾರ ಮಧ್ಯಾಹ್ನ ಒಲೆ ಹಚ್ಚಿದರೆ ಸಂಜೆಯ ಗಾಡಿಯೊಳಗೆ ಬೆಂದು ಇಳಿಯುತ್ತಿತ್ತು.

ಒಲೆಯ ಹೊಗೆ ಕಂಡದ್ದೇ ತಡ, ಸಾಲುಮನೆಯ ಮಕ್ಕಳೆಲ್ಲ ಹಳಿ ದಾಟಿ ಬಂದು ಅಂಗಳದಲ್ಲಿ ಕೂರುತ್ತಿದ್ದವು. ಹಿಂದಿನ ವಾರ ಮೂಲೆ ಯಾರಿಗೆ ಹೋಗಿತ್ತು, ಈ ವಾರ ಯಾರ ಪಾಳಿ ಎಂದು ವಾದ ಶುರು. ಒಬ್ಬಳು ಅತ್ತರೆ ಇನ್ನೊಬ್ಬ ಆಣೆ ಹಾಕುವನು. ದೊರೆಯ ನಾಯಿ ಮೇಜಿನ ಮೇಲೆ ಉಣ್ಣುತ್ತಿತ್ತೆ ಎಂದು ಕೇಳಿದ್ದನ್ನೇ ಕೇಳುವರು. ಗ್ಯಾನಪ್ಪ ಚಾಕು ಹಿಡಿದು ಕೂತು, "ಏ, ಸುಮ್ ಕುಂಡರ್ರಿ, ಇಲ್ಲಾಂದ್ರ ಮೂಲಿ ನಾಲ್ಕೂ ನಾನ ತಿಂತೀನಿ" ಎಂದು ಗದರಿಸುವನು. ಕೊನೆಗೆ ಅಂಚೆಲ್ಲ ಹಂಚಿ ಹೋದ ಮೇಲೆ ನಡುವಿನ ಎರಡು ತುಂಡು ಉಳಿಯುತ್ತಿದ್ದವು. ಒಂದನ್ನು ತಾನು ತಿನ್ನುವನು. ಇನ್ನೊಂದನ್ನು ಗ್ಯಾಂಗಿನ ಮುಕಾದಮನ ಮಗಳು ಫಕೀರವ್ವ ತನ್ನ ಆಯಿಗೆಂದು, ಅಪ್ಪನ ತಾಯಿಗೆಂದು, ಒಯ್ಯುವಳು.

ಯುದ್ಧ ನಡೆದ ವರ್ಷಗಳವು. ಒಂದು ಐತವಾರ ಮೂಲೆಯ ತುಂಡಿಗಾಗಿ ನೂಕುನುಗ್ಗಲಾಗಿ, ಫಕೀರವ್ವ ಆಗಷ್ಟೇ ತೆಗೆದಿಟ್ಟ ಕಾದ ಹಾಳೆಯ ಮೇಲೆ ಮೊಣಕೈ ಊರಿಬಿಟ್ಟಳು. ಚರ್ಮ ಸುಲಿದು ಬಂತು. ಗ್ಯಾನಪ್ಪ ಅವಳನ್ನು ಎತ್ತಿಕೊಂಡು ಹಳಿ ದಾಟಿ ಅವಳ ಮನೆಗೆ ಓಡಿದ.

ಅವಳ ತಾಯಿ ಹುಲಿಗವ್ವ ಮಗಳ ಕೈಗೆ ಲೋಳೆಸರ ಹಚ್ಚುತ್ತಲೇ ಅವನನ್ನು ತರಾಟೆಗೆ ತೆಗೆದುಕೊಂಡಳು.

"ಹಡದಿದ್ರ ಗೊತ್ತಾಗತಿತ್ತು ನಿನಗ! ಒಂದು ತುಣುಕು ಸಿಹಿ ಆಸಿಗೆ ಹುಡುಗ್ರನ್ನ ನಾಯಿ ಹಂಗ ಕಚ್ಚಾಡಸ್ತಿ. ಅದರಾಗೇನು ಸುಖ ಐತಣ್ಣ ನಿನಗ?"

ಒಳಗೆ ಕತ್ತಲಲ್ಲಿ ಹುಲಿಗವ್ವನ ಅತ್ತೆ, "ಏನಾತು? ಯಾರಿಗೇನಾತು?" ಎಂದು ಕೇಳುತ್ತಲೇ ಇದ್ದಳು.

ಆ ಮುಂದಿನ ಐತವಾರ ಅವನು ಒಲೆ ಹಚ್ಚಲಿಲ್ಲ. ಮಕ್ಕಳು ಹಳಿಯ ಆಚೆ ನಿಂತು ನೋಡಿ ಹೋದವು. ಆ ದಿನವೇ ಅವನಿಗೆ ಒಂದು ವಿಚಾರ ಹೊಳೆಯಿತು. ಚೌಕಾಬಾರದ ಹಾಗೆ ತಟ್ಟೆಯನ್ನೇ ಮನೆಮನೆ ಮಾಡಿಬಿಟ್ಟರೆ? ಪ್ರತಿ ಮನೆಯಲ್ಲೂ ಒಂದು ತುಂಡು, ಪ್ರತಿ ತುಂಡಿಗೂ ನಾಲ್ಕು ಕಡೆ ಅಂಚು. ಆಮೇಲೆ ಜಗಳಾಡಲು ಏನಿರುತ್ತದೆ?

ಪಗಾರ ಕೈಗೆ ಬಂದ ಮೇಲೆ ಅವನು ಕೊಪ್ಪಳಕ್ಕೆ ಹೋಗಿ ತಗಡಿನ ಕೆಲಸದ ಶಬ್ಬೀರಸಾಬನ ಅಂಗಡಿಯ ಮುಂದೆ ತಟ್ಟೆ ಇಟ್ಟ. ಶಬ್ಬೀರಸಾಬ ಲಾಟೀನು, ಎಣ್ಣೆಯಳೆಯುವ ಮಾಪು, ಮೊಹರಮ್ಮಿಗೆ ರೋಟು ಸುಡುವ ತಟ್ಟೆ ಎಲ್ಲ ಮಾಡುತ್ತಿದ್ದ. ಗ್ಯಾನಪ್ಪ ಹೇಳಿದ್ದನ್ನೆಲ್ಲ ಕೇಳಿ, ತಟ್ಟೆಯನ್ನು ತಿರುಗಿಸಿ ನೋಡಿದ.

"ಮಾಡಿ ಕೊಡ್ತೀನಿ. ಅದೇನು ದೊಡ್ಡ ಕೆಲಸ ಅಲ್ಲ. ಆದ್ರ ನಿನಗ ಬೇಕೇನು ಇದು?"

"ಬೇಕಂತನ ಬಂದೀನಿ ಸಾಹೇಬ್ರ."

"ನೋಡಪಾ, ನಡುವ ತಗಡು ಬಂತಂದ್ರ ಎಲ್ಲಾ ಕಡಿ ಕಾವು ಹತ್ತತೈತಿ. ಲಗೂನ ಬೇಯ್ತೈತಿ, ಖರೆ. ಲಗೂನ ಒಣಗತೈತಿ ಕೂಡ. ತೊಳಿಯೂ ಮುಂದ ಮೂಲಿ ಮೂಲಿ ಕೆರಕೋಂತ ಕುಂಡರಬೇಕು. ಒಂದು ಚಾಕು ಇದ್ರ ಆಗೂ ಕೆಲಸಕ್ಕ ಇಷ್ಟ್ಯಾಕ ಖಟ್ಪಟಿ?"

"ಚಾಕುವಿನಿಂದ ಅಂಚು ಹುಟ್ಟಂಗಿಲ್ಲಲ್ರಿ" ಎಂದ ಗ್ಯಾನಪ್ಪ. "ಹುಡುಗರು ಬಡದಾಡ್ತಾವು. ಒಂದಕ್ಕ ಸುಟ್ಟೈತಿ."

ಶಬ್ಬೀರಸಾಬ ಮತ್ತೆ ಮಾತು ಬೆಳೆಸಲಿಲ್ಲ. "ಹಂಗಾದ್ರ ಬೆಸಿಯೂದು ಬ್ಯಾಡ. ಎತ್ತಿ ಇಡೂ ಹಂಗ ಜಾಳಿಗಿ ಮಾಡ್ತೀನಿ. ಒಲ್ಲೆ ಅನಿಸಿದ್ರ ತಗದು ಒಗಿ" ಎಂದು ಕತ್ತರಿ ಕೈಗೆತ್ತಿಕೊಂಡ. ಸಂಜೆಯ ಗಾಡಿಗೆ ಹೊರಡುವ ಮುಂಚೆ, ಹನ್ನೆರಡು ಮನೆಯ ತಗಡಿನ ಚೌಕಟ್ಟು ತಟ್ಟೆಯೊಳಗೆ ಹೇಳಿ ಮಾಡಿಸಿದಂತೆ ಕೂತಿತ್ತು.

ಮೊದಲ ಸಲವೇ ಕೇಕು ಛಂದ ಬಂತು. ಚೌಕಟ್ಟನ್ನು ಮೇಲೆತ್ತಿದರೆ ಹನ್ನೆರಡು ತುಂಡು ಒಂದರಂತೆ ಒಂದು, ಸುತ್ತಲೂ ಕಪ್ಪು ಗರಿ. ಮಕ್ಕಳಿಗೆ ನಂಬಲಾಗಲಿಲ್ಲ. ತಮ್ಮ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದವು, ಪಕ್ಕದವನದರ ಜೊತೆ ಹಿಡಿದು ನೋಡಿದವು. ಹೆಚ್ಚು ಕಡಿಮೆ ಏನೂ ಇರಲಿಲ್ಲ. ಹುಲಿಗವ್ವ ತಾನೇ ಹಳಿ ದಾಟಿ ಬಂದು, "ಈಗ ಛಲೋ ಆತು ನೋಡಣ್ಣ. ಅವತ್ತು ಸಿಟ್ಟಿನಾಗ ಏನೇನೋ ಅಂದೆ, ಮನಸಿಗೆ ಹಚ್ಕೋಬ್ಯಾಡ" ಎಂದು ಹೇಳಿ ಹೋದಳು. ಗ್ಯಾನಪ್ಪನಿಗೆ ಅಂದು ಹೊಟ್ಟೆ ತುಂಬಿದಷ್ಟು ಸಮಾಧಾನವಾಯಿತು.

ಮುಂದಿನ ವಾರ ಮಕ್ಕಳು ತಡವಾಗಿ ಬಂದವು. ಬೇಗ ಬಂದು ಮಾಡುವುದಾದರೂ ಏನಿತ್ತು? ತಮ್ಮ ಪಾಲು ತಮಗೆ ಕಟ್ಟಿಟ್ಟದ್ದೇ. ಅದರ ಮುಂದಿನ ವಾರ ಬಟ್ಟಲು ಹಿಡಿದು ಬಂದು, ಈಸಿಕೊಂಡು, ಬಂದ ಹಾಗೇ ಹೋದವು. ಮಳೆ ಹಿಡಿದ ಮೇಲೆ ಎಲ್ಲರ ಪರವಾಗಿ ಇಬ್ಬರು ಬುಟ್ಟಿ ಹಿಡಿದುಕೊಂಡು ಬರತೊಡಗಿದರು.

"ಉಳದವ್ರು ಎಲ್ಲಿ?" ಎಂದು ಗ್ಯಾನಪ್ಪ ಕೇಳಿದ.

"ಆಡಾಕತ್ಯಾವು ಕಾಕಾ."

"ದೊರಿ ನಾಯಿದೊಂದು ಹೊಸಾ ಕಥಿ ಐತಿ ನೋಡ್ರಿ."

"ಮತ್ತ ಬರ್ತೀವಿ ಕಾಕಾ, ಕೇಕು ಆರತೈತಿ."

ಅವರು ಹೋದ ಮೇಲೆ ಅವನು ಬಾವಿಕಟ್ಟೆಯ ಹತ್ತಿರ ಕೂತು ಚೌಕಟ್ಟು ತೊಳೆಯುತ್ತಿದ್ದ. ಶಬ್ಬೀರಸಾಬ ಹೇಳಿದ್ದು ಸುಳ್ಳಾಗಿರಲಿಲ್ಲ. ಮೂಲೆಮೂಲೆಯಲ್ಲಿ ಬೆಲ್ಲ ಕಲ್ಲಾಗಿ ಹಿಡಿದಿರುತ್ತಿತ್ತು. ಕಸಬರಿಗೆಯ ಕಡ್ಡಿಯಿಂದ ಒಂದೊಂದೇ ಮೂಲೆ ಕೆರೆಯಬೇಕು. ಅವನಿಗೆ ಅದೇನೂ ಬೇಸರವೆನಿಸಲಿಲ್ಲ. ಬೇಗ ಮುಗಿಸಿ ಎದ್ದರೆ ಹೋಗುವುದು ಎಲ್ಲಿಗೆ? ಅಂಗಳದ ಮಣ್ಣಿನ ಮೇಲೆ ಮಕ್ಕಳ ಹೆಜ್ಜೆಗಳೆಂದರೆ ಈಗ ಬಂದು ಹೋದ ಎರಡು ಸಾಲು ಮಾತ್ರ. ಮೊದಲು ಆ ಮಣ್ಣು ಕುರಿಹಟ್ಟಿಯಂತೆ ತುಳಿದು ಹೋಗಿರುತ್ತಿತ್ತು. ಸ್ಟೇಶನ್ ಮಾಸ್ತರರು "ಏನಪಾ, ನಿನ್ನ ದರ್ಬಾರು ಭಾಳ ತಣ್ಣಗಾತಲ್ಲ" ಎಂದು ನಕ್ಕಾಗ ಅವನೂ ನಕ್ಕ. ಕಂಬ ಹತ್ತಿ ದೀಪ ಇಡುವಾಗ ಅಲ್ಲಿಂದ ಸಾಲುಮನೆಯ ಒಲೆಗಳು ಒಂದೊಂದಾಗಿ ಹೊತ್ತಿಕೊಳ್ಳುವುದು ಕಾಣುತ್ತಿತ್ತು. ದೀಪ ಇಟ್ಟಾದ ಮೇಲೂ ಅವನು ಸ್ವಲ್ಪ ಹೊತ್ತು ಕಂಬದ ಮೇಲೇ ನಿಂತಿರುತ್ತಿದ್ದ.

ಹೀಗಿರುವಾಗ ಒಂದು ವಾರ ಬುಟ್ಟಿಯಲ್ಲಿ ಹೋದ ತುಂಡೊಂದು ತಿರುಗಿ ಬಂತು. ತಂದವಳು ಫಕೀರವ್ವ.

"ನಮ್ಮಾಯಿ ಒಲ್ಲೆ ಅಂದ್ಲು ಕಾಕಾ. ಹೋದ ವಾರದ್ದೂ ತಿಂದಿಲ್ಲ."

"ಯಾಕ, ಮೈಯಾಗ ಆರಾಮಿಲ್ಲೇನು?"

"ಆರಾಮ ಅದಾಳ. ಒಲ್ಲೆ ಅಂತಾಳ, ಅಷ್ಟ."

ಗ್ಯಾನಪ್ಪ ಆ ತುಂಡನ್ನು ಕೈಯಲ್ಲಿ ಹಿಡಿದುಕೊಂಡು ಹಳಿ ದಾಟಿದ. ಹುಲಿಗವ್ವ ನೀರಿಗೆ ಹೋಗಿದ್ದಳು. ಹಿಂದಿನ ಪಡಸಾಲೆಯಲ್ಲಿ ಅವಳ ಅತ್ತೆ ಸುಂಕಲಮ್ಮ ಗೋಡೆಗೆ ಒರಗಿ ಕೂತಿದ್ದಳು. ಕಣ್ಣು ಅರೆಬರೆ ಕಾಣುತ್ತಿದ್ದವು. ಇಷ್ಟು ವರ್ಷ ಅವಳಿಗೆ ತುಂಡು ಕಳಿಸಿದ್ದನೇ ಹೊರತು ಒಂದು ದಿನವೂ ಅವಳ ಎದುರು ಕೂತು ಮಾತಾಡಿರಲಿಲ್ಲ.

"ಯಾರಪಾ ಅದು?"

"ನಾನವ್ವ, ಸ್ಟೇಶನ್ನಿನ ಗ್ಯಾನಪ್ಪ. ಕೇಕು ಯಾಕ ತಿರುಗಿ ಕಳಿಸಿದಿ?"

ಮುದುಕಿ ಬಾಯಿ ತೆರೆದು ಬೆರಳಿನಿಂದ ತೋರಿಸಿದಳು. ಒಳಗೆ ಒಂದು ಹಲ್ಲೂ ಇರಲಿಲ್ಲ. "ಮೊದಲು ಮೆತ್ತಗಿರತಿತ್ತಪ್ಪ. ಬಾಯಾಗ ಇಟ್ಕೊಂಡ್ರ ತಾನ ಕರಗತಿತ್ತು. ಈಗ ಎತ್ತ ಹಿಡದ್ರೂ ಗಟ್ಟಿ. ಕಲ್ಲು ಚೀಪಿದಂಗ ಆಗತೈತಿ. ಆ ನಡಕಿಂದು ಏನ ಮಾಡಿದಿ?"

ಗ್ಯಾನಪ್ಪ ಕೈಯಲ್ಲಿದ್ದ ತುಂಡನ್ನು ನೋಡಿ, "ಈಗ ನಡಕಿಂದು ಬರಂಗಿಲ್ಲವ್ವ" ಎಂದ.

"ಹುಡುಗರ ಸಪ್ಪಳಾನೂ ಬರವಲ್ದು. ಆ ಗದ್ದಲ ಇಲ್ಲಿ ತನಕ ಕೇಳತಿತ್ತು. ಇವತ್ತು ಐತವಾರ ಅಂತ ತಿಳಕೋತಿದ್ದೆ. ಈಗ ಯಾವ ವಾರ ಅನ್ನೂದ ಗೊತ್ತಾಗವಲ್ದು ನನಗ."

ಮುಂದಿನ ಐತವಾರ ಗ್ಯಾನಪ್ಪ ಚೌಕಟ್ಟನ್ನು ಗೂಟಕ್ಕೆ ನೇತುಹಾಕಿ, ಹಿಟ್ಟನ್ನು ಬರಿಯ ತಟ್ಟೆಗೆ ಸುರಿದ. ಬೆಂದ ಮೇಲೆ ಕಾದ ಹಾಳೆಯನ್ನು ಒಯ್ದು ಖೋಲಿಯ ಹಿಂದೆ, ಯಾರ ಕೈಗೂ ಎಟುಕದ ಕಡೆ ಇಟ್ಟು ಬಂದ. ಮಳೆ ನಿಂತಿತ್ತು; ಮಕ್ಕಳೆಲ್ಲ ಬಟ್ಟಲು ಹಿಡಿದು ಬಂದವು. ಅವನು ಚಾಕು ತೆಗೆದು, ದನಿಯಲ್ಲಿ ಹಳೆಯ ಗತ್ತು ತಂದುಕೊಂಡು ಕೇಳಿದ:

"ಹೇಳ್ರಿ, ಇವತ್ತು ಮೂಲಿ ಯಾರಿಗೆ?"

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡವು. ಯಾರ ಪಾಳಿ ಎಂಬುದು ಯಾರಿಗೂ ನೆನಪಿರಲಿಲ್ಲ. ಫಕೀರವ್ವ ಸುಟ್ಟ ಕಲೆಯ ಕೈಯನ್ನೇ ಮುಂದೆ ಚಾಚಿ, "ಯಾವುದಾದ್ರೂ ಕೊಡು ಕಾಕಾ. ಅವ್ವ ಲಗೂನ ಬಾ ಅಂದಾಳ" ಎಂದಳು. ಅವನು ಕತ್ತರಿಸಿ ಕೊಟ್ಟ. ಮೂಲೆ ಸಿಕ್ಕವನು ಹಿಗ್ಗಲಿಲ್ಲ, ಸಿಗದವನು ಅಳಲಿಲ್ಲ. ಹಳಿ ದಾಟಿ ಎಲ್ಲವೂ ಹೊರಟುಹೋದವು.

ತಟ್ಟೆಯಲ್ಲಿ ಎರಡು ತುಂಡು ಉಳಿದಿದ್ದವು. ಎರಡನ್ನೂ ಬಟ್ಟಲಿಗೆ ಹಾಕಿಕೊಂಡು ಅವನು ಸುಂಕಲಮ್ಮನ ಹತ್ತಿರ ಹೋಗಿ ಕೂತ. ಅವಳು ಚೂರು ಮುರಿದು ನಾಲಿಗೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿದಳು. ಇವನೂ ತನ್ನ ತುಂಡು ತಿಂದ. ಆಮೇಲೆ ಅವಳು ಇದ್ದಕ್ಕಿದ್ದಂತೆ ಕೇಳಿದಳು:

"ನಿನ್ನ ಹೇಣ್ತಿ ಹೆಸರೇನಿತ್ತಪ್ಪ?"

"ಉಡಚಮ್ಮ" ಎಂದ ಗ್ಯಾನಪ್ಪ. ಎಷ್ಟು ವರ್ಷವಾಗಿತ್ತೋ, ಆ ಹೆಸರು ಅವನ ಬಾಯಿಂದ ಹೊರಗೆ ಬಂದು. ತನ್ನ ದನಿ ತನಗೇ ಪರಕೀಯವಾಗಿ ಕೇಳಿತು. ಇನ್ನೊಮ್ಮೆ ಹೇಳಿದ, "ಉಡಚಮ್ಮ ಅಂತ."

"ಹೆಂಗಿದ್ಲು?"

"ಸಿಟ್ಟು ಭಾಳಿತ್ತವ್ವ. ಹಾಡತಿದ್ಲು ಛಲೋ."

ಹೇಳಬೇಕೆಂದರೆ ಇನ್ನೂ ಇತ್ತು. ಅಷ್ಟರಲ್ಲಿ ಸ್ಟೇಶನ್ನಿನಿಂದ ಮಾಸ್ತರರ ಕೂಗು ಕೇಳಿತು. ಸೈನ್ಯದ ಗಾಡಿಯೊಂದು ಹೊತ್ತಲ್ಲದ ಹೊತ್ತಿನಲ್ಲಿ ಹೊರಟು ಬರುತ್ತಿತ್ತು. ಗ್ಯಾನಪ್ಪ ಓಡಿದ. ಹಳಿ ಸರಿಮಾಡಿ ಹಸಿರು ಬಾವುಟ ಹಿಡಿದು ನಿಂತ. ಗಾಡಿ ನಿಲ್ಲಲಿಲ್ಲ. ಕಿಟಕಿಗಳ ತುಂಬ ಎಳೆಯ ಹುಡುಗರು. ಒಬ್ಬನು ಅವನತ್ತ ಕೈ ಬೀಸಿದ. ಇವನು ಬಾವುಟ ಹಿಡಿದ ಕೈಯನ್ನು ಅಲುಗಿಸುವಂತಿರಲಿಲ್ಲ.

ಸಿಗ್ನಲ್ಲಿಗೆ ದೀಪ ಇಟ್ಟು ಅವನು ಮತ್ತೆ ಪಡಸಾಲೆಗೆ ಬಂದಾಗ ಸುಂಕಲಮ್ಮ ಗೋಡೆಗೆ ಒರಗಿದಲ್ಲೇ ನಿದ್ದೆ ಹೋಗಿದ್ದಳು. ಹುಲಿಗವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

"ಬಾ ಅಣ್ಣ. ಬಿಸಿ ರೊಟ್ಟಿ ಅದಾವು, ಉಂಡ ಹೋಗು."

"ಬ್ಯಾಡ ತಂಗಿ. ಗಾಡಿ ಐತಿ."

ಆ ಹೊತ್ತಿಗೆ ಯಾವ ಗಾಡಿಯೂ ಇರಲಿಲ್ಲ. ಹಳಿಯ ಪಕ್ಕದಲ್ಲೇ ಬಾಳಿದ ಹುಲಿಗವ್ವನಿಗೆ ಅದು ಗೊತ್ತಿತ್ತು. ಆದರೂ ಅವಳು ಒತ್ತಾಯ ಮಾಡಲಿಲ್ಲ. ಕೈಯಲ್ಲಿದ್ದ ರೊಟ್ಟಿಯನ್ನು ಹಂಚಿನ ಮೇಲೆ ಹಾಕುತ್ತ, "ಐತವಾರ ಬಿಡಬ್ಯಾಡ ಹಂಗಾರ. ನಮ್ಮತ್ತಿ ಕಾಯ್ತಾಳ" ಎಂದಳು. ಗ್ಯಾನಪ್ಪ ಹೂಂ ಎಂದು, ಖಾಲಿ ಬಟ್ಟಲು ಹಿಡಿದು, ಕತ್ತಲಾಗುತ್ತಿದ್ದ ಹಳಿಯನ್ನು ದಾಟಿ ತನ್ನ ಖೋಲಿಯ ಕಡೆ ನಡೆದ.